ಏಳು ವರ್ಷ ಹಡಗಿನಲ್ಲಿ

ಹಡಗಿನ ಕಥೆ ಕಟ್ಟಿದವಳು ಅಮ್ಮ. ಅದನ್ನು ಏಳು ವರ್ಷ ಸಾಕಿ ಸಲಹಿದವಳೂ ಅವಳೇ.

ಮಗನಿಗೆ ಶಿಕ್ಷೆಯಾದ ತಿಂಗಳೇ ಅಮ್ಮ, ಮಗಳು, ಅಳಿಯ, ಮೊಮ್ಮಗಳು ಎಲ್ಲ ಹಳೆಯ ಪೇಟೆ ಬಿಟ್ಟು, ಗುರುತು ಪರಿಚಯವಿಲ್ಲದ ಈ ಬೀದಿಗೆ ಬಂದಿದ್ದರು. ಬಂದ ವಾರದಲ್ಲೇ ನಲ್ಲಿಯ ಹತ್ತಿರ ಪಕ್ಕದ ಮನೆಯವಳು, "ನಿಮಗೆ ಗಂಡುಮಕ್ಕಳಿಲ್ವಾ?" ಎಂದು ಕೇಳಿದಳು. ಅಮ್ಮ ತುಂಬಿದ ಬಕೆಟ್ಟನ್ನು ಕೆಳಗಿಟ್ಟು, "ಇದಾನಲ್ಲ, ಹಡಗಲ್ಲಿ ಕೆಲಸ" ಎಂದುಬಿಟ್ಟಳು. ಬಾಯಿ ಜಾರಿ ಬಂದ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮಗ ಕಟಿಂಗ್ ಮಾಡುವವನಾದ್ದರಿಂದ ಹಡಗಿನಲ್ಲೂ ಅವನಿಗೆ ಅದೇ ಕೆಲಸ ಕೊಟ್ಟಳು. "ಈ ಸಲ ಅಲೆ ಜಾಸ್ತಿಯಂತೆ, ಕತ್ತರಿ ಹಿಡಿದ್ರೆ ಕೈ ನಿಲ್ಲಲ್ವಂತೆ" ಎಂದು ನಲ್ಲಿಯ ಹತ್ತಿರ ನಿಟ್ಟುಸಿರು ಬಿಡುತ್ತಿದ್ದಳು. ಸಮುದ್ರವನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದ ಹೆಂಗಸಲ್ಲ!

ನಿಜ ಸಂಗತಿ ಇಷ್ಟೇ. ಕುಡಿದು ಬಂದ ಪಕ್ಕದ ಅಂಗಡಿಯವನೊಬ್ಬನ ಜೊತೆ ಸಲೂನಿನಲ್ಲಿ ಮಾತಿಗೆ ಮಾತು ಬೆಳೆದು, ಇವನು ಸ್ಟೂಲೆತ್ತಿ ಅವನ ತಲೆಗೆ ಬಡಿದಿದ್ದ. ಆ ಮನುಷ್ಯ ಎರಡು ದಿನ ಆಸ್ಪತ್ರೆಯಲ್ಲಿದ್ದು ಸತ್ತ. ಅವನಿಗೂ ಹೆಂಡತಿ ಇದ್ದಳು, ಇಬ್ಬರು ಮಕ್ಕಳಿದ್ದರು. ಇದಕ್ಕೆ ಯಾವ ಬಣ್ಣ ಬಳಿದರೂ ಕೊಲೆ ಕೊಲೆಯೇ, ಅದು ಮನೆಯವರಿಗೂ ಗೊತ್ತಿತ್ತು.

ಏಳು ವರ್ಷ ಕಳೆದು ಮಗ ಮನೆಗೆ ಬಂದಾಗ ಬೀದಿಯ ಮಕ್ಕಳು ಹಡಗು ಎಷ್ಟು ದೊಡ್ಡದು ಎಂದು ಕೇಳಲು ಬಾಗಿಲಲ್ಲಿ ನಿಂತಿದ್ದವು. ಅವನು ಏನು ಹೇಳಬೇಕೆಂದು ತಿಳಿಯದೆ ಅಕ್ಕನ ಮುಖ ನೋಡಿದ. ಅಕ್ಕನ ಗಂಡ ಬಸ್ ಕಂಡಕ್ಟರ್, ನಾಲಿಗೆ ಚುರುಕು. "ಕ್ಯಾಪ್ಟನ್ ಸಾಹೇಬ್ರು ಸುಸ್ತಾಗಿದಾರೆ, ನಾಳೆ ಬನ್ನಿ" ಎಂದು ಮಕ್ಕಳನ್ನು ಕಳಿಸಿದ. ಅಂದಿನಿಂದ ಇಡೀ ಬೀದಿಗೆ ಅವನು ಕ್ಯಾಪ್ಟನ್. ಬೀದಿಯವರು ಗೌರವಕ್ಕೆ ಹಾಗೆ ಕರೆದರೆ ಕಂಡಕ್ಟರ್ ಕರೆಯುತ್ತಿದ್ದದ್ದು ಚುಚ್ಚುವುದಕ್ಕೆ.

ಕ್ಯಾಪ್ಟನ್ನನ ಎರಡೂ ಕೈ ಮುರುಟಿಕೊಂಡಿದ್ದವು. ಒಳಗಿದ್ದ ನಾಲ್ಕನೆಯ ವರ್ಷ ಬೆರಳ ಗಂಟುಗಳು ಊದಿಕೊಳ್ಳಲು ಶುರುವಾಗಿ, ಈಗ ಬೆರಳು ಪೂರ್ತಿ ಮಡಚಲೂ ಬಾರದು, ಪೂರ್ತಿ ಬಿಚ್ಚಲೂ ಬಾರದು. ಜೈಲಿನ ಡಾಕ್ಟರು ಕೊಟ್ಟದ್ದು ನೋವಿನ ಮಾತ್ರೆ. ಹೊರಗೆ ಬಂದ ಮೇಲೆ ಮೂಲೆಯ ಮೆಡಿಕಲ್ ಶಾಪಿನವನು ಕೊಟ್ಟದ್ದು ಚಿಕ್ಕ ಬಿಳಿ ಮಾತ್ರೆ. ಅದನ್ನು ನುಂಗಿದರೆ ಅರ್ಧ ದಿನ ಆರಾಮ. ಬೆರಳು ಮಾತ್ರ ಹಾಗೇ, ಅಮ್ಮ ಅನ್ನ ಕಲಸಿ ಬಾಯಿಗಿಡಬೇಕಿತ್ತು.

"ಮೂವತ್ತಾರು ವರ್ಷದ ಗಂಡಸಿಗೆ ತುತ್ತು!" ಎಂದ ಕಂಡಕ್ಟರ್ ಒಂದು ದಿನ ಊಟಕ್ಕೆ ಕೂತಲ್ಲಿ. "ಮೂರು ತಿಂಗಳು ಅಂತ ತಾನೇ ಮಾತಾಗಿದ್ದು? ಎರಡು ರೂಮಿನ ಮನೆ. ನನ್ನ ಮಗಳು ಅಡಿಗೆಮನೇಲಿ ಪಾತ್ರೆ ಜೊತೆ ಮಲಗ್ತಿದಾಳೆ."

"ನನಗೇನೂ ತೊಂದರೆ ಇಲ್ಲಪ್ಪ" ಎಂದಳು ಮಗಳು. ಹದಿನೈದು ವರ್ಷದ ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು, ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ನಿನ್ನನ್ನ ಕೇಳಿದ್ನಾ?"

"ಅವನನ್ನ ಎಲ್ಲಿಗೆ ಕಳಿಸಲಿ, ಹೇಳಿ" ಎಂದು ಅಕ್ಕ ಸೌಟನ್ನು ಪಾತ್ರೆಗೆ ಬಡಿದಳು. "ಕತ್ತರಿ ಹಿಡಿಯೋಕಾಗಲ್ಲ, ಮೂಟೆ ಹೊರೋಕಾಗಲ್ಲ. ಅಂಗಿ ಗುಂಡಿ ಹಾಕ್ಕೊಳ್ಳೋಕಾಗಲ್ಲ. ಕೈ ಸರಿಯಾದ್ರೆ ಅವನೇ ಹೋಗ್ತಾನೆ."

"ಕೈ ಸರಿಯಾಗೋದು ಯಾವ ಕಾಲಕ್ಕೆ?"

ಕ್ಯಾಪ್ಟನ್ ಬಾಯಲ್ಲಿದ್ದ ತುತ್ತನ್ನು ನುಂಗಿ, "ಭಾವ ಹೇಳೋದರಲ್ಲಿ ತಪ್ಪಿಲ್ಲ" ಎಂದ. ಅಮ್ಮ, "ನೀನು ತಿನ್ನು, ಸುಮ್ನಿರು" ಎಂದು ಇನ್ನೊಂದು ತುತ್ತು ತುರುಕಿದಳು.

ಅಕ್ಕನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದ ನೌಕರಿ. ನೆಲಮಾಳಿಗೆಯಲ್ಲಿ ಆರು ದೊಡ್ಡ ಮೆಷಿನ್ನು, ಒಂದು ಬಾಯ್ಲರು, ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಹಬೆಯೋ ಹಬೆ. ವಾರ್ಡುವಾರ್ಡಿನ ಹಾಸುಬಟ್ಟೆ ಗಂಟು ಕಟ್ಟಿಕೊಂಡು ಇಳಿಯುತ್ತಿದ್ದವು. ಹೆರಿಗೆಯ ಗಂಟು ಯಾವುದು, ಆಪರೇಷನ್ನಿನದು ಯಾವುದು, ಎಲ್ಲ ಅವಳಿಗೆ ಬಿಚ್ಚುವ ಮೊದಲೇ ಗೊತ್ತು. ಆಸ್ಪತ್ರೆಯ ತುಂಬ ಅವಳು ಲಾಂಡ್ರಿ ಅಕ್ಕ.

ಆ ಲಾಂಡ್ರಿಯ ಮುಂದಿನ ಗೋಡೆಗೆ ಒಂದು ಸೋಮವಾರ ಕಾಗದ ಅಂಟಿಸಿದ್ದರು. ಕೀಲುಬೇನೆಗೆ ಹೊಸ ಇಂಜೆಕ್ಷನ್ನು ಪರೀಕ್ಷಿಸುವ ಸ್ಟಡಿ, ಎರಡು ವಾರಕ್ಕೊಂದು ಸೂಜಿ, ಒಂದು ವರ್ಷ ಉಚಿತ. ಬೆರಳು ಮುರುಟಿದವರು ಮಹಡಿಯ ಹನ್ನೊಂದನೇ ನಂಬರಿನ ಕೋಣೆಗೆ ಬರಬೇಕು. ಅಕ್ಕ ಗಂಟನ್ನು ನೆಲಕ್ಕಿಟ್ಟು ಮೊದಲಿಂದ ಕೊನೆಯವರೆಗೆ ಓದಿದಳು. ಯಾರು ಬರಕೂಡದು ಎಂಬ ಪಟ್ಟಿಯ ಕಟ್ಟಕಡೆಯ ಸಾಲು, ಹಿಂದಿನ ಐದು ವರ್ಷದಲ್ಲಿ ಜೈಲಿನಲ್ಲಿದ್ದವರು.

ಸಂಜೆ ಮನೆಯಲ್ಲಿ ಈ ಮಾತು ಎದ್ದಿತು.

"ಜೈಲಿಗೂ ಕೈಬೆರಳಿಗೂ ಏನು ಸಂಬಂಧ?" ಎಂದಳು ಗಿಣಿ.

"ಸಂಬಂಧ ಇರಲಿ ಬಿಡಲಿ, ಬರೆದಿದಾರಲ್ಲ" ಎಂದ ಕಂಡಕ್ಟರ್. "ಟಿಕೆಟ್ ಹಿಂದೇನೂ ನಿಯಮ ಬರೆದಿರ್ತಾರೆ. ನಾನೇನು ಅರ್ಥ ಕೇಳ್ತೀನಾ?"

ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಇಡೀ ಬೀದಿ ನಂಬಿದೆ. ಆ ಹನ್ನೊಂದನೇ ನಂಬರು ನಂಬಲ್ವಾ? ನಾನೇ ಬರ್ತೀನಿ ಜೊತೆಗೆ."

"ಅಮ್ಮ, ಅವರು ಆಸ್ಪತ್ರೆಯವರು. ಸುಳ್ಳು ಹೇಳಿದ್ರೆ—"

"ಸುಳ್ಳು ಹೇಳ್ದೆ ಇದ್ರೆ ಏನು ಸಿಗುತ್ತೆ? ಅದನ್ನ ಹೇಳು ಮೊದಲು."

ತಮ್ಮ ಮಂಚದ ಮೇಲೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದ. "ಒಂದು ಸಲ ನೋಡೋಣ ಅಕ್ಕ" ಎಂದ, ಮೆಲ್ಲಗೆ. ಅಕ್ಕ ಹೋಗೋಣ ಎಂದಳು.

ಹನ್ನೊಂದನೇ ನಂಬರಿನಲ್ಲಿ ಕೂತಿದ್ದವಳು ಚಿಕ್ಕ ವಯಸ್ಸಿನ ನರ್ಸು. ನಗುಮುಖ. ಲಾಂಡ್ರಿ ಅಕ್ಕನ ತಮ್ಮ ಎಂದು ತಿಳಿದು ಕುರ್ಚಿ ಎಳೆದು ಕೊಟ್ಟಳು. ಎಂಟು ಪುಟದ ಫಾರಂ. ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ, ನುಂಗುತ್ತಿರುವ ಮಾತ್ರೆ ಎಲ್ಲ ಮುಗಿದ ಮೇಲೆ, "ಹೋದ ಏಳೆಂಟು ವರ್ಷ ಎಲ್ಲಿದ್ರಿ, ಏನು ಕೆಲಸ?" ಎಂದು ಕೇಳಿದಳು.

"ಹಡಗಲ್ಲಿ" ಎಂದಳು ಅಮ್ಮ, ಮಗ ಬಾಯಿ ತೆರೆಯುವ ಮೊದಲೇ. "ಕಟಿಂಗ್ ಮಾಡೋ ಕೆಲಸ. ಉಪ್ಪುಗಾಳಿಗೆ ನೋಡಿ ಕೈ ಹೀಗಾಗಿದ್ದು."

"ಓಹೋ!" ನರ್ಸು ನಗುತ್ತಾ ಬರೆದುಕೊಂಡಳು. "ಕ್ಷಯ ಇದ್ದವರ ಜೊತೆ ವಾಸ ಮಾಡಿದ್ರಾ ಯಾವತ್ತಾದ್ರೂ? ಹಾಸ್ಟೆಲ್, ಕ್ಯಾಂಪು, ಜೈಲು, ಅಂಥ ಕಡೆ?"

ಅಕ್ಕನಿಗೆ ನೆನಪಿತ್ತು. ಬಂದ ಹೊಸದರಲ್ಲಿ ತಮ್ಮ ಊಟದ ಮಧ್ಯೆ ಹೇಳಿದ್ದ: ಜೈಲಿನಲ್ಲಿ ಪಕ್ಕದ ಹಾಸಿಗೆಯವನು ಒಂದು ಚಳಿಗಾಲ ಪೂರ್ತಿ ಕೆಮ್ಮಿದ, ರಕ್ತ ಕಾರಿದ, ಆಮೇಲೆ ಕರೆದುಕೊಂಡು ಹೋದರು, ವಾಪಸು ಬರಲಿಲ್ಲ. ಅವನ ಗಡ್ಡ ತೆಗೆಯುತ್ತಿದ್ದದ್ದೂ ಇವನೇ. ಹೇಳಬೇಕಾದ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಅದು ಹೊರಬಿದ್ದರೆ ಜೊತೆಗೆ ಜೈಲೂ ಹೊರಬೀಳುತ್ತದೆ.

"ಇಲ್ಲ" ಎಂದ ತಮ್ಮ.

"ಹಡಗಲ್ಲಿ ಎಲ್ಲರಿಗೂ ಬೇರೆ ಬೇರೆ ರೂಮು" ಎಂದಳು ಅಮ್ಮ. ಎಂಥಾ ಹೆಂಗಸು!

ಮುಂಗೈಗೆ ಚುಚ್ಚಿ ಕ್ಷಯದ ಪರೀಕ್ಷೆ ಮಾಡಿದರು. ಮೂರು ದಿನ ಬಿಟ್ಟು ನೋಡಿದರೆ ಊತವಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಎದೆಯ ಎಕ್ಸ್‌ರೇಯೂ ಸ್ವಚ್ಛ. ಅಕ್ಕನ ಮನಸ್ಸಿಗೆ ನೆಮ್ಮದಿಯಾಯಿತು. ನೋಡು, ಏನೂ ಇಲ್ಲವಲ್ಲ, ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಳು. ಮನುಷ್ಯರಿಗೆ ತಮ್ಮ ಸುಳ್ಳಿಗೆ ಸಾಕ್ಷಿ ಸಿಕ್ಕಿದರೆ ಎಷ್ಟು ಸಂತೋಷ!

ಮೂರನೆಯ ಸೂಜಿಯ ಮೇಲೆ ಊತ ಇಳಿಯಿತು. ನಾಲ್ಕನೆಯದರ ಮೇಲೆ ಒಂದು ಬೆಳಿಗ್ಗೆ ಕ್ಯಾಪ್ಟನ್ ಸ್ನಾನ ಮಾಡಿ ಹೊರಗೆ ಬಂದಾಗ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡಿದ್ದ; ಅವು ತಾವಾಗಿಯೇ ಕೂತವು ಎಂಬಂತೆ ನಿಂತ. ಅಮ್ಮ ನೋಡಿದಳು, ಗಿಣಿ ನೋಡಿದಳು. ಕೊನೆಗೆ ಗಿಣಿ, "ಮಾವ, ಒಂದು ಗುಂಡಿ ಮೇಲೆ ಕೆಳಗಾಗಿದೆ" ಎಂದಳು. ಅವನು ಮೊದಲಿಂದ ಬಿಚ್ಚಿ ಮೊದಲಿಂದ ಹಾಕಿಕೊಂಡ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲೆ ಹೇಳಬೇಕೆ! ಈರುಳ್ಳಿ ಹೆಚ್ಚಿದ, ಬಟ್ಟೆ ಹಿಂಡಿದ, ಗಿಣಿಯ ಸೈಕಲ್ಲಿನ ಚೈನು ಹಾಕಿಕೊಟ್ಟ. ಮೊಟ್ಟೆ ಸುಲಿದು ಅಕ್ಕನ ತಟ್ಟೆಗಿಟ್ಟ. ಒಂದು ಭಾನುವಾರ ಹಳೆಯ ಟ್ರಂಕಿನಿಂದ ಕತ್ತರಿ ತೆಗೆದು ಎಣ್ಣೆ ಬಿಟ್ಟು, "ಭಾವ, ಕೂತ್ಕೊಳ್ತೀರಾ?" ಎಂದ.

ಕಂಡಕ್ಟರ್ ಪೇಪರಿನ ಮೇಲಿಂದ ನೋಡಿದ. "ನನ್ನ ಕುತ್ತಿಗೆ ಮೇಲೆ ನನಗೆ ಆಸೆ ಇದೆ ಕಣಯ್ಯಾ."

ಕ್ಯಾಪ್ಟನ್ನನ ಮುಖ ಸುಣ್ಣದಂತಾಯಿತು. ಕಂಡಕ್ಟರಿಗೂ ತಾನಾಡಿದ್ದು ಅತಿಯಾಯಿತು ಎನ್ನಿಸಿರಬೇಕು, ಪೇಪರು ಮಡಚಿಟ್ಟು ಹೋಗಿ ಸ್ಟೂಲಿನ ಮೇಲೆ ಕೂತ. ಮುಕ್ಕಾಲು ಗಂಟೆ ಕತ್ತರಿ ಚಕಚಕ ಎಂದಿತು. ಕನ್ನಡಿ ಹಿಡಿದಾಗ ಕಂಡಕ್ಟರ್ ತಲೆ ಅತ್ತಿತ್ತ ತಿರುಗಿಸಿ, "ಕಿವಿ ಹತ್ತಿರ ಇನ್ನೊಂಚೂರು ತೆಗಿ" ಎಂದ. ಮಾರನೆಯ ದಿನ ಡ್ಯೂಟಿ ಮುಗಿಸಿ ಬಂದವನು, ಬಸ್ ನಿಲ್ದಾಣದ ಸಲೂನಿನವನ ಹತ್ತಿರ ಮಾತಾಡಿದ್ದೇನೆ, ಒಂದನೇ ತಾರೀಕಿನಿಂದ ಒಂದು ಕುರ್ಚಿ ಕೊಡುತ್ತಾನಂತೆ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಕೈ ತೊಳೆಯಲು ಹೋದ.

ಕ್ಯಾಪ್ಟನ್ ಕುರ್ಚಿಗೆ ಹೋದ ಎರಡನೆಯ ವಾರ ಅಕ್ಕ ಬೆಳಿಗ್ಗೆ ಅವನ ಹಾಸಿಗೆ ಮಡಚುತ್ತಿದ್ದಳು. ಹೊದಿಕೆ ಒದ್ದೆ. ತಲೆದಿಂಬು ಒದ್ದೆ. ಹಾಸುಬಟ್ಟೆಯಲ್ಲಿ ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನಿನ ಅಗಲಕ್ಕೂ ಬೆವರು ಇಳಿದಿತ್ತು. ಸೆಕೆಯ ದಿನವೂ ಅಲ್ಲ.

ಎದೆವಾರ್ಡಿನ, ಅಂದರೆ ಕ್ಷಯದವರ, ಗಂಟಿಗೆ ಆಸ್ಪತ್ರೆಯಲ್ಲಿ ಕೆಂಪು ಬಟ್ಟೆ ಸುತ್ತಿರುತ್ತಾರೆ. ಕೈಗವಸು, ಮೂಗಿಗೆ ಬಟ್ಟೆ ಇಲ್ಲದೆ ಬಿಚ್ಚಬಾರದು. ಮೊದಲು ಅರ್ಧ ಗಂಟೆ ಔಷಧದ ನೀರಿನಲ್ಲಿ ನೆನೆಸಿ, ಎಲ್ಲ ವಾರ್ಡಿನದು ಮುಗಿದ ಮೇಲೆ ಕುದಿನೀರಿನಲ್ಲಿ ಒಗೆಯಬೇಕು. ಹದಿನಾಲ್ಕು ವರ್ಷ ಆ ಗಂಟು ಬಿಚ್ಚಿದವಳಿಗೆ ಈ ಬೆವರಿನ ಗುರುತು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಚದ ಮೇಲೆ ಕೂತಳು.

ಕೂತವಳು ಎದ್ದು ಏನು ಮಾಡಿದಳು ಗೊತ್ತೇ? ಹಾಸುಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಆಸ್ಪತ್ರೆಯಿಂದ ಸೀಸೆಯಲ್ಲಿ ತಂದ ಔಷಧದಲ್ಲಿ ಅರ್ಧ ಗಂಟೆ ನೆನೆಸಿ, ನೀರು ಕುದಿಸಿ ಒಗೆದಳು. ಮಾರನೆಯ ದಿನವೂ ಹಾಗೇ. ಅವನ ತಟ್ಟೆ ಲೋಟ ಬೇರೆ ಮಾಡಿದಳು. ಗಿಣಿಯ ಹಾಸಿಗೆಯನ್ನು ಅಡಿಗೆಮನೆಯ ಆಚೆ ಗೋಡೆಗೆ ಸರಿಸಿದಳು. ನಿಯಮದಲ್ಲಿ ಇದ್ದದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಬಾಯಿ ಮಾತ್ರ ಬಿಚ್ಚಲಿಲ್ಲ.

ಪ್ರತಿ ಗುರುವಾರ ಸಂಜೆ ಹನ್ನೊಂದನೇ ನಂಬರಿನ ನರ್ಸು ಫೋನ್ ಮಾಡುತ್ತಿದ್ದಳು. ಜ್ವರ ಇದೆಯಾ? ಕೆಮ್ಮು? ತೂಕ ಇಳಿದಿದೆಯಾ? ಕ್ಯಾಪ್ಟನ್ ಬಾಯಿಗೆ ಟವೆಲ್ಲು ಒತ್ತಿಕೊಂಡು, ಕೆಮ್ಮನ್ನು ನುಂಗಿ, "ಇಲ್ಲ ಸಿಸ್ಟರ್, ಆರಾಮ" ಎನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಎರಡು ನಿಮಿಷ ಬಗ್ಗಿ ಕೆಮ್ಮುತ್ತಿದ್ದ.

ಮೂರನೆಯ ಗುರುವಾರ ಗಿಣಿ ಸಿಡಿದಳು. "ಇದೇನು ನಾಟಕ? ನಮ್ಮಮ್ಮ ದಿನಾ ಮಾವನ ಬಟ್ಟೆ ಬೇಯಿಸ್ತಾಳೆ. ಯಾರೂ ಏನೂ ಮಾತಾಡಲ್ಲ. ನೀವು ಹೇಳ್ತೀರೋ, ನಾನು ಹೇಳಲೋ?"

"ಹೇಳಿದ್ರೆ ಸೂಜಿ ನಿಲ್ಲಿಸ್ತಾರೆ" ಎಂದ ಕ್ಯಾಪ್ಟನ್.

"ನಿಲ್ಲಿಸಲಿ!"

"ಕೈ ಮತ್ತೆ ಮುಚ್ಚುತ್ತಮ್ಮಾ." ಅವನು ಎರಡೂ ಕೈ ಮುಂದೆ ಚಾಚಿ ಬೆರಳು ಬಿಚ್ಚಿ ತೋರಿಸಿದ. "ನಿನಗೆ ಗೊತ್ತಾಗಲ್ಲ. ಮೂರು ವರ್ಷ ನಾನು ಕಕ್ಕಸ್ಸಿಗೆ ಹೋಗಿ ತೊಳ್ಕೊಳ್ಳೋಕೂ ಇನ್ನೊಬ್ಬರ ಕೈ ಕಾದಿದೀನಿ. ಅದಕ್ಕಿಂತ ಕೆಮ್ಮು ವಾಸಿ."

"ಹಡಗಿಂದ ಬಂದವನಿಗೆ ಹವಾ ಒಗ್ಗಿರಲ್ಲ, ಕೆಮ್ಮು ಬರುತ್ತೆ" ಎಂದಳು ಅಮ್ಮ.

"ಅಜ್ಜಿ! ಯಾವ ಹಡಗು? ನಾವು ನಾವೇ ಇದೀವಿ ಇಲ್ಲಿ!"

ಅಮ್ಮ ತಬ್ಬಿಬ್ಬಾಗಿ ನೋಡಿದಳು. ಏಳು ವರ್ಷ ಹೇಳಿ ಹೇಳಿ ಅವಳಿಗೇ ಅಭ್ಯಾಸವಾಗಿಹೋಗಿತ್ತು. ಕಂಡಕ್ಟರ್ ಹೆಂಡತಿಯ ಕಡೆ ತಿರುಗಿದ. "ನೀನು ಆಸ್ಪತ್ರೆಯವಳು. ನೀನು ಹೇಳು. ಏನಿದು?"

ಎಲ್ಲರೂ ಅಕ್ಕನ ಬಾಯಿ ನೋಡಿದರು. ತಮ್ಮ ಬಿಚ್ಚಿದ ಕೈಗಳನ್ನು ಇನ್ನೂ ಹಾಗೇ ಹಿಡಿದಿದ್ದ.

"ಮಂಗಳವಾರ ಸೂಜಿ ಇದೆಯಲ್ಲ" ಎಂದಳು ಅಕ್ಕ. "ಅದೊಂದು ಹಾಕಿಸ್ಕೊಳ್ಳಲಿ. ಆಮೇಲೆ ನಾನೇ ಹೋಗಿ ಹೇಳ್ತೀನಿ."

ಅದೊಂದು! ಮುಂದೆ ಎಷ್ಟೋ ದಿನ ಬಟ್ಟೆ ಹಿಂಡುವಾಗ, ಅನ್ನ ಬಸಿಯುವಾಗ ಆ ಮಾತು ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಕೇಳಿದ್ದು ಒಂದು ಸೂಜಿ, ಐದು ದಿನ. ಅಷ್ಟು ದಿನ ಅವನು ಕುರ್ಚಿಯ ಹಿಂದೆ ನಿಂತು ಕೆಲಸ ಮಾಡಲಿ ಎಂಬ ಆಸೆ.

ಮಂಗಳವಾರ ಸೂಜಿಯಾಯಿತು. ಬುಧವಾರ ಅವಳಿಗೆ ಎರಡು ಪಾಳಿ ಬಿತ್ತು. ಗುರುವಾರ ಹೋಗಬೇಕೆಂದು ಹೊರಟಿದ್ದಳು. ಬೆಳಿಗ್ಗೆ ಕ್ಯಾಪ್ಟನ್ ತಲೆನೋವೆಂದು ಎದ್ದವನು ಟೀ ಲೋಟವನ್ನು ಬರೀ ಗೋಡೆಗೆ, ಅಲ್ಲಿ ಗೂಡಿದೆ ಎಂಬಂತೆ, ಇಡಲು ಹೋದ. ಲೋಟ ಬಿತ್ತು. "ಲೈಟ್ ಹಾಕಿ, ಎಣಿಕೆಗೆ ಕರೀತಿದಾರೆ" ಎಂದು ಗಟ್ಟಿಯಾಗಿ ಹೇಳಿ, ಜೈಲಿನಲ್ಲಿ ನಿಲ್ಲುತ್ತಿದ್ದಂತೆ ಬಾಗಿಲಲ್ಲಿ ನೆಟ್ಟಗೆ ನಿಂತ. ಮರುಗಳಿಗೆ ಕುಸಿದ. ಕಂಡಕ್ಟರ್ ಅವನನ್ನು ಬೆನ್ನ ಮೇಲೆ ಹಾಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಬೀದಿಯ ಕೊನೆಯವರೆಗೆ ಓಡಿ ಆಟೋ ನಿಲ್ಲಿಸಿದ.

ವಾರ್ಡಿನಲ್ಲಿ ಡಾಕ್ಟರು, ಹನ್ನೊಂದನೇ ನಂಬರಿನ ನರ್ಸು, ಸ್ಟಡಿಯ ದೊಡ್ಡ ಡಾಕ್ಟರು ಎಲ್ಲ ಬಂದರು. ಜ್ವರ ಮಿದುಳಿಗೆ ಏರಿದೆ, ಯಾವ ಸೋಂಕೆಂದು ಬೇಗ ತಿಳಿಯಬೇಕು ಎಂದರು.

"ಎಲ್ಲಿ ಕೆಲಸ ಮಾಡಿದ್ದು ಅಂದ್ರಿ? ಹಡಗಲ್ಲಿ ಯಾರಿಗಾದ್ರೂ ಕ್ಷಯ ಇತ್ತಾ?" ಎಂದು ದೊಡ್ಡ ಡಾಕ್ಟರು ಕೇಳಿದರು.

"ಹಡಗಲ್ಲಿ ಎಲ್ಲರಿಗೂ ಬೇರೆ ಬೇರೆ..." ಎಂದು ಅಮ್ಮ ಶುರುಮಾಡಿದಳು.

"ಹಡಗಿಲ್ಲ ಡಾಕ್ಟ್ರೇ" ಎಂದಳು ಅಕ್ಕ. "ಜೈಲು. ಏಳು ವರ್ಷ. ಪಕ್ಕದ ಹಾಸಿಗೆಯವನು ಕ್ಷಯದಲ್ಲಿ ಸತ್ತ. ಇವನು ಒಂದು ತಿಂಗಳಿಂದ ಕೆಮ್ತಿದಾನೆ. ನನಗೆ ಗೊತ್ತಿತ್ತು."

ವಾರ್ಡಿನವರೆಲ್ಲ ಲಾಂಡ್ರಿ ಅಕ್ಕನನ್ನೇ ನೋಡಿದರು.

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ಈ ಸೂಜಿ ಮೈಯ ಕಾವಲನ್ನೇ ಇಳಿಸುತ್ತಮ್ಮಾ. ಒಳಗೆ ಮಲಗಿರೋ ಕ್ಷಯ ಏಳುತ್ತೆ. ಅದಕ್ಕೇ ಅಲ್ವಾ ಕೇಳಿದ್ದು? ಅವರು ತಗೋತಿದ್ದ ಬಿಳಿ ಮಾತ್ರೆ ಸ್ಟೀರಾಯ್ಡು, ಅದಕ್ಕೆ ಕೈ ಮೇಲಿನ ಪರೀಕ್ಷೆ ಮೋಸ ಹೋಗಿರುತ್ತೆ. ಜೈಲಲ್ಲಿದ್ದೆ ಅಂದಿದ್ರೆ ನಾವು ಆ ಒಂದು ಪರೀಕ್ಷೆ ನಂಬ್ತಿರಲಿಲ್ಲ. ಮೊದಲು ಮೂರು ತಿಂಗಳು ಕ್ಷಯ ತಡೆಯೋ ಮಾತ್ರೆ ಕೊಟ್ಟು, ಆಮೇಲೆ ಸೂಜಿ. ಏನೂ ಆಗ್ತಿರಲಿಲ್ಲ."

"ಜೈಲಲ್ಲಿದ್ದೆ ಅಂದಿದ್ರೆ ತಗೋತಿದ್ರಾ ಅವನನ್ನ?"

ಡಾಕ್ಟರು ಕನ್ನಡಕ ಒರೆಸತೊಡಗಿದರು.

"ಹೇಳಿ. ನೀವೇ ಬರೆದು ಅಂಟಿಸಿದ್ದು. ನಾನು ನಿಂತು ಓದಿದೀನಿ."

"ಅದು... ಅಂಥವರು ಒಂದು ಕಡೆ ನಿಲ್ಲಲ್ಲ ಅಂತ. ವಿಳಾಸ ಬದಲಾಗುತ್ತೆ, ಅರ್ಧಕ್ಕೆ ಬಿಟ್ಟು ಹೋಗ್ತಾರೆ, ಹುಡುಕಿದ್ರೆ ಸಿಗಲ್ಲ. ಎಲ್ಲ ಸ್ಟಡಿಯಲ್ಲೂ ಹಾಗೇ ಬರೀತಾರೆ."

"ಏಳು ವರ್ಷ ಒಂದೇ ವಿಳಾಸದಲ್ಲಿದ್ದ ಡಾಕ್ಟ್ರೇ ನನ್ನ ತಮ್ಮ" ಎಂದಳು ಅಕ್ಕ. "ಯಾವ ದಿನ ಹೋಗಿದ್ರೂ ಸಿಗ್ತಿದ್ದ. ಇಲ್ಲಿಗೂ ಒಂದು ಮಂಗಳವಾರ ತಪ್ಪಿಸಿಲ್ಲ."

ಹನ್ನೊಂದು ದಿನ ಮಲಗಿದ್ದ. ಐದನೆಯ ದಿನ ಒಮ್ಮೆ ಎಚ್ಚರವಾಗಿ ಅಕ್ಕನ ಗುರುತು ಹಿಡಿದ. ಮೊದಲು ಕೇಳಿದ್ದು, "ಸೂಜಿ ನಿಲ್ಲಿಸಿಬಿಟ್ರಾ?" ಎಂದು. ಅವಳು ಹೌದೆಂದಳು. ಅವನು ಗೋಡೆಯ ಕಡೆ ಹೊರಳಿಕೊಂಡ. ಬೆರಳ ಗಂಟುಗಳು ಆಗಲೇ ಮತ್ತೆ ಊದತೊಡಗಿದ್ದವು. ಹನ್ನೆರಡನೆಯ ದಿನ ಬೆಳಿಗ್ಗೆ, ಕಂಡಕ್ಟರ್ ಫ್ಲಾಸ್ಕಿನಲ್ಲಿ ಗಂಜಿ ತಂದಾಗ, ಮಂಚ ಖಾಲಿಯಾಗಿತ್ತು. ಫ್ಲಾಸ್ಕನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಮಧ್ಯಾಹ್ನದವರೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡಿದ.

ಎಲ್ಲ ಮುಗಿದ ಮೂರನೆಯ ವಾರ ಹನ್ನೊಂದನೇ ನಂಬರಿನಿಂದ ಕರೆ ಬಂತು, ಒಂದು ಸಹಿ ಬೇಕಿತ್ತು. ಅಕ್ಕ ಹೊರಟಾಗ ಅಮ್ಮನೂ ಸೀರೆ ಬದಲಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಹದಿನೈದು ದಿನದಿಂದ ಆಕೆ ಒಂದು ಮಾತೂ ಆಡಿರಲಿಲ್ಲ, ನಲ್ಲಿಗೂ ಹೋಗಿರಲಿಲ್ಲ.

ನರ್ಸು ಎದ್ದು ನಿಂತು ಅಕ್ಕನ ಕೈ ಹಿಡಿದುಕೊಂಡಳು. ಹುಡುಗಿ ಸೊರಗಿದ್ದಳು. ಕಾಗದ ಮುಂದಿಟ್ಟಳು. ಅಕ್ಕ ಓದಿದಳು. ಆರಂಭದಿಂದಲೂ ಅರ್ಹರಲ್ಲದ ಕಾರಣ ಈ ವ್ಯಕ್ತಿಯ ಎಲ್ಲ ವಿವರಗಳನ್ನು ಅಧ್ಯಯನದಿಂದ ತೆಗೆದುಹಾಕಲಾಗಿದೆ.

"ತೆಗೆದುಹಾಕೋದು ಅಂದ್ರೆ?"

"ಅವರು ಸೇರಿರಲೇ ಇಲ್ಲ ಅಂತ ಲೆಕ್ಕ, ಅಕ್ಕ. ಮೊದಲ ಪುಟದಿಂದ."

"ಕೈ ಬಿಚ್ಚಿದ್ದು?"

"ಅದೂ ಬರಲ್ಲ."

"ಸತ್ತಿದ್ದು?"

ನರ್ಸು ತಲೆ ತಗ್ಗಿಸಿದಳು. "ದೊಡ್ಡ ಡಾಕ್ಟ್ರು ಸಾವಿನ ವರದಿ ಬೇರೆ ಕಚೇರಿಗೆ ಕಳಿಸಿದಾರೆ. ಸ್ಟಡಿಯ ಪುಸ್ತಕದಲ್ಲಿ ಮಾತ್ರ... ಯಾರೂ ಸತ್ತಿಲ್ಲ."

"ಬರೀರಿ ತಾಯಿ" ಎಂದಳು ಅಕ್ಕ. "ಜೈಲಲ್ಲಿದ್ದ ಅಂತಾನೇ ಬರೀರಿ. ನಾವು ಸುಳ್ಳು ಹೇಳಿದ್ವಿ ಅಂತಾನೂ ಬರೀರಿ, ನನ್ನ ಕೆಲಸ ಹೋದ್ರೆ ಹೋಗಲಿ. ಹೀಗೆ ಒಬ್ಬ ಬಂದಿದ್ದ, ಕೈ ಬಿಚ್ಚಿತ್ತು, ಹೀಗಾಗಿ ಹೋದ. ಇದನ್ನ ಬರೀದೆ ಹೋದ್ರೆ ಇಂಥವರಿಗೆ ಮೊದಲು ಆ ಮಾತ್ರೆ ಕೊಡಬೇಕು ಅಂತ ಯಾರಿಗೆ ಗೊತ್ತಾಗುತ್ತೆ?"

"ನಾನೂ ಕೇಳಿದೆ ಅಕ್ಕ. ನನ್ನ ಕೈಲಿಲ್ಲ."

ಅಕ್ಕ ಸಹಿ ಹಾಕಲಿಲ್ಲ. ಕಾಗದವನ್ನು ಹಾಗೇ ಬಿಟ್ಟು ಎದ್ದಳು. ಪಕ್ಕದಲ್ಲಿದ್ದ ಅಮ್ಮ ಕಾಣಲಿಲ್ಲ.

ಅಮ್ಮ ಹೊರಗೆ ಬೆಂಚಿನ ಮುಂದೆ ನಿಂತಿದ್ದಳು. ಮಂಗಳವಾರ, ಸೂಜಿಯ ದಿನ. ಬೆಂಚಿನ ತುಂಬ ಜನ, ಕೆಲವರು ಹಳಬರು, ಕೆಲವರು ಹೊಸದಾಗಿ ಫಾರಂ ತುಂಬಲು ಬಂದವರು. ಎಲ್ಲರ ಕೈಯೂ ತೊಡೆಯ ಮೇಲೆ.

"ನನ್ನ ಮಗ ಜೈಲಲ್ಲಿದ್ದ" ಎನ್ನುತ್ತಿದ್ದಳು ಅಮ್ಮ, ದೊಡ್ಡ ದನಿಯಲ್ಲಿ, ಹಡಗಿನ ಸುದ್ದಿ ಹೇಳುತ್ತಿದ್ದಷ್ಟೇ ಸ್ಪಷ್ಟವಾಗಿ. "ಒಬ್ಬನನ್ನ ಕೊಂದಿದ್ದ. ನಾನು ಹಡಗು ಅಂತ ಹೇಳಿದೆ. ಅವನು ಸತ್ತ. ನಿಮ್ಮಲ್ಲಿ ಯಾರಾದ್ರೂ ಒಳಗಿದ್ದು ಬಂದವರು ಇದ್ರೆ ಮುಚ್ಚಿಡಬೇಡಿ. ಆ ಸೂಜಿ ತಗೋಬೇಡಿ."

"ಅಜ್ಜಿ, ಸ್ವಲ್ಪ ಮೆತ್ತಗೆ" ಎಂದು ಆಯಾ ಬಂದು ತೋಳು ಹಿಡಿದಳು. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬೆಂಚಿನ ಕೊನೆಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಖಾಲಿ ಫಾರಂ. ಅವನು ಎದ್ದ. ಯಾರನ್ನೂ ನೋಡದೆ ಮೆಟ್ಟಿಲ ಕಡೆ ನಡೆದ. ಅಕ್ಕ ಬೆನ್ನಟ್ಟಿ ಹೋಗಿ ಮೆಟ್ಟಿಲ ತಲೆಯಲ್ಲಿ ಹಿಡಿದಳು.

"ಅಣ್ಣಾ, ನಿಲ್ಲಿ. ಹೋಗಬೇಡಿ. ಒಳಗೆ ಹೋಗಿ ನಿಜ ಹೇಳಿ."

"ಹೇಳಿದ್ರೆ ತಗೋತಾರಾ?"

ಅಕ್ಕ ಅವನ ತೋಳು ಬಿಟ್ಟಳು. "ಇಲ್ಲ" ಎಂದಳು.

ಅವನು ತಲೆಯಾಡಿಸಿದ. ಫಾರಂ ಮಡಚಲು ನೋಡಿದ, ಆಗಲಿಲ್ಲ. ಅಕ್ಕ ಅದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅವನ ಜೇಬಿಗೆ ತುರುಕಿದಳು. ಕಂಬಿ ಹಿಡಿಯಲು ಬೆರಳು ಬಾರದೆ, ಮುಂಗೈಯನ್ನು ಕಂಬಿಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಅವನು ಹೊರಟುಹೋದ.